ಕೆಳಗಿನ ದನಿ

ಬೆಳಗೋಡು
11 ಆಗಸ್ಟ್ 1996

ಗಂಗಾ,

ಕ್ಷೇಮಸಮಾಚಾರವೆಲ್ಲ ಆಮೇಲೆ. ಮೊದಲು ಎಲ್ಲಾದರೂ ಕೂತುಕೋ. ಮಾರ್ಗಿಟ್ ಟೀಚರ್ ಬರುತ್ತಿದ್ದಾರೆ!

ಹೌದು ಕಣೇ, ಹಾಸನದ ಹಾಸ್ಟೆಲಿನಲ್ಲಿ ನಮಗೆ ಹೊಲಿಗೆ, ಹಾಡು ಎರಡನ್ನೂ ಬೈದು ಬೈದು ಕಲಿಸಿದ ಅದೇ ಮಾರ್ಗಿಟ್ ಟೀಚರ್. ಸ್ವೀಡನ್ನಿಗೆ ವಾಪಸು ಹೋಗಿ ಇಪ್ಪತ್ತು ವರ್ಷದ ಮೇಲಾಯಿತಲ್ಲ, ಇಷ್ಟು ಹೊತ್ತಿಗೆ ಅವರ ಯೇಸುವಿನ ಪಾದ ಸೇರಿರಬೇಕು ಅಂದುಕೊಂಡಿದ್ದೆ. ಗುಂಡುಕಲ್ಲಿನಂತೆ ಇದ್ದಾರಂತೆ. ಜನವರಿಯಲ್ಲಿ ಹಾಸನಕ್ಕೆ ಬಂದು ಹಳೆಯ ಹುಡುಗಿಯರನ್ನೆಲ್ಲ ಒಂದು ಸಲ ನೋಡಿ ಹೋಗುತ್ತೇನೆ ಅಂತ ಬರೆದಿದ್ದಾರೆ. ಹುಡುಗಿಯರಂತೆ! ನನಗೆ ಮೊನ್ನೆ ಚಾಳೀಸು ಬಂತು.

ಪತ್ರದ ಜೊತೆ ಒಂದು ಡಬ್ಬ ಕ್ಯಾಸೆಟ್ಟೂ ಬಂದಿದೆ. ಲಿಂಡ್‌ಹಾಗ್ ನೆನಪಿದ್ದಾನೆಯೆ? ಟೀಚರ ಊರಿನ ಸಂಗೀತಗಾರ. ಭಾನುವಾರ ಮಧ್ಯಾಹ್ನ ನಮ್ಮನ್ನೆಲ್ಲ ನೆಲದ ಮೇಲೆ ಅಂಗಾತ ಮಲಗಿಸಿ ಗ್ರಾಮಫೋನಿನಲ್ಲಿ ಕೇಳಿಸುತ್ತಿದ್ದರಲ್ಲ, ಆತನ ಸಿಂಫನಿಗಳು, ಗುಂಪಿನ ಹಾಡುಗಳು ಎಲ್ಲ ಇವೆ. ಅವೇ ಹಳೆಯ ರೆಕಾರ್ಡುಗಳಿಂದ ಇಳಿಸಿದ್ದು; ಗೀರು ಬಿದ್ದ ಕಡೆ ಅದೇ ಟಕ್ ಟಕ್. ಮೊದಲನೆಯ ಸಿಂಫನಿಯನ್ನು ನಮ್ಮ ಅಂಗಡಿಯ ಟೇಪಿನಲ್ಲಿ ಹಾಕಿದೆ. ಮೆಣಸು ಮಾರಲು ಬಂದಿದ್ದ ಕುಳ್ಳಯ್ಯ ಪಾಪ ಬಹಳ ಹೊತ್ತು ಕಾದು, "ಇದು ಯಾವಾಗ ಸುರುವಾಯ್ತೈತ್ರವ್ವ?" ಅಂದ. ಅದು ಮುಗಿಯುತ್ತಾ ಬಂದಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮಿಬ್ಬರ ಹಾಡು ಕೇಳಬೇಕು ಅಂತ ಟೀಚರ್ ಬರೆದಿದ್ದಾರೆ. ಕತ್ತಲೆಯ ತಿಂಗಳು ಕಳೆದು ಮೊದಲ ಬೆಳಕು ಬಂದಾಗ ಅವರ ಊರಿನಲ್ಲಿ ಹಾಡುವ ಆ ಹಾಡು. ಅದು ಕ್ಯಾಸೆಟ್ಟಿನಲ್ಲಿಯೂ ಇದೆ, ಆದರೆ ಅಲ್ಲಿ ಗಂಡಸರು ಹೆಂಗಸರು ಸೇರಿಕೊಂಡು ನಾಲ್ಕು ದನಿಯಲ್ಲಿ ಹಾಡುತ್ತಾರೆ. ಟೀಚರ್ ನಮಗೋಸ್ಕರ ಎರಡು ದನಿಗೆ ಇಳಿಸಿಕೊಟ್ಟದ್ದು ಎಲ್ಲಿಯೂ ಇಲ್ಲ. ಅರ್ಧ ನಿನ್ನ ಗಂಟಲಲ್ಲಿದೆ, ಅರ್ಧ ನನ್ನ ಗಂಟಲಲ್ಲಿದೆ.

ನನ್ನ ಅರ್ಧವನ್ನು ಹಾಡಿ ನೋಡಿದೆ. ನಮ್ಮ ಭಜನೆಯಲ್ಲಿ ನೂರು ಜನ ಕೂತರೂ ಎಲ್ಲರದೂ ಒಂದೇ ರಾಗ. ಇದು ಹಾಗಲ್ಲವಲ್ಲ. ರಾಗವೆಲ್ಲ ನಿನ್ನ ಪಾಲಿನ ಮೇಲಿನ ದನಿಗೆ. ನನ್ನ ಕೆಳಗಿನ ದನಿ ಸುಮ್ಮನೆ ಅದರಡಿ ಅತ್ತಿತ್ತ ಓಡಾಡಿಕೊಂಡಿರುತ್ತದೆ. ಒಂಟಿಯಾಗಿ ಹಾಡಿದರೆ ಅದು ಹಾಡು ಅಂತ ದೇವರಿಗೂ ಗೊತ್ತಾಗುವುದಿಲ್ಲ. ನಮ್ಮ ಯಜಮಾನರು ಲಿಂಗಪ್ಪನವರು ಗಲ್ಲಾದಿಂದ ತಲೆ ಎತ್ತಿ, "ಹಾಡ್ತಾ ಇದ್ದೀಯೋ, ಯಾರ್ನಾರ ಬೈತಾ ಇದ್ದೀಯೋ?" ಅಂದರು.

ಅದಕ್ಕೇ ಹೇಳುತ್ತಿದ್ದೇನೆ, ನಿನ್ನ ದನಿಯನ್ನು ಒಂದು ಕ್ಯಾಸೆಟ್ಟಿಗೆ ಹಾಡಿ ಕಳಿಸು. ಅದರ ಜೊತೆ ನಾನು ಅಭ್ಯಾಸ ಮಾಡುತ್ತೇನೆ. ಜನವರಿಗೆ ರಜೆ ಹಾಕಿ ಬಂದುಬಿಡು. ಮದುವೆಯಾದ ಮೇಲೆ ನಾನು ಬಾಯಿಬಿಟ್ಟು ಹಾಡಿಲ್ಲ ಕಣೇ. ಒಂದು ಸಲ, ಒಂದೇ ಸಲ ಹಾಡಬೇಕು.

ನಿನ್ನ
ಜಗದಾಂಬ


ಭಿಲಾಯಿ
2 ಸೆಪ್ಟೆಂಬರ್ 1996

ಪ್ರೀತಿಯ ಜಗದಾ,

ನಿನ್ನ ಪತ್ರವನ್ನು ಡ್ಯೂಟಿ ರೂಮಿನಲ್ಲಿ ಓದಿ ಒಬ್ಬಳೇ ನಕ್ಕೆ. ಜೊತೆಯ ನರ್ಸುಗಳು ಏನು ಏನು ಅಂದರು. ಕುಳ್ಳಯ್ಯನ ಮಾತನ್ನು ಹಿಂದಿಯಲ್ಲಿ ಹೇಳಿ ನೋಡಿದೆ, ಯಾರೂ ನಗಲಿಲ್ಲ. ಇಪ್ಪತ್ತು ವರ್ಷ ಇಲ್ಲಿದ್ದರೂ ನಗುವುದು ಮಾತ್ರ ಕನ್ನಡದಲ್ಲೇ ಆಗಿಬಿಟ್ಟಿದೆ.

ಟೀಚರ್ ಬರುತ್ತಿರುವುದು ಬಹಳ ಸಂತೋಷ. ಹಾಡು ಮರೆತಿಲ್ಲ. ಆದರೆ ಬೇಸಿಗೆಯಿಂದ ನನ್ನ ಗಂಟಲು ಕಟ್ಟಿಕೊಂಡಿದೆ, ಇಲ್ಲಿನ ಕಾರ್ಖಾನೆಯ ಧೂಳು. ಸರಿಹೋದ ಕೂಡಲೇ ಹಾಡಿ ಕಳಿಸುತ್ತೇನೆ. ಅಷ್ಟರಲ್ಲಿ ನೀನು ಒಂದು ಕೆಲಸ ಮಾಡು. ಸಿಂಫನಿಗಳಲ್ಲಿ ಯಾವುದಾದರೂ ಒಂದರ ನಕಲು ಕಳಿಸು. ಈಗೀಗ ಮಾತಿಲ್ಲದ ಸಂಗೀತವೇ ಹಿತವಾಗಿದೆ.

ರಜೆಯ ವಿಷಯ ಈಗಲೇ ಹೇಳಲಾರೆ. ಟೀಚರಿಗೆ ಮಾತು ಕೊಡಬೇಡ. ಲಿಂಗಪ್ಪನವರನ್ನು ಕೇಳಿದೆ ಅಂತ ಹೇಳು.

ಗಂಗಾಮಣಿ


ಬೆಳಗೋಡು
5 ಅಕ್ಟೋಬರ್ 1996

ಗಂಗಮ್ಮನವರ ಪಾದಾರವಿಂದಗಳಿಗೆ,

ಗಂಟಲು ಸರಿಹೋಯಿತೆ? ಒಂದು ತಿಂಗಳಿಂದ ಪೋಸ್ಟಿನವನ ದಾರಿ ಕಾಯುತ್ತಿದ್ದೇನೆ. ಆತನ ಹೆಂಡತಿಯೂ ಆತನನ್ನು ಇಷ್ಟು ಕಾದಿರಲಾರಳು. ಆಸ್ಪತ್ರೆಯಲ್ಲೇ ಇದ್ದುಕೊಂಡು ಗಂಟಲಿಗೆ ಒಂದು ಮಾತ್ರೆ ಸಿಗಲಿಲ್ಲವೇನೇ ನಿನಗೆ? ಶುಂಠಿ ಮೆಣಸು ಜಜ್ಜಿ ಕಷಾಯ ಕುಡಿ. ಧೂಳಂತೆ ಧೂಳು! ಇಲ್ಲಿ ಕಾಫಿಯ ಸಿಪ್ಪೆ ಸುಲಿಯುವ ಮಿಲ್ಲಿನ ಪಕ್ಕದಲ್ಲೇ ಇದ್ದೇನೆ, ನನಗೇನಾಗಿದೆ?

ಮೂರನೆಯ ಸಿಂಫನಿಯ ನಕಲು ಕಳಿಸಿದ್ದೇನೆ. ಅದು ನಮ್ಮತ್ತೆ ಸುಮಿತ್ರಮ್ಮನವರು ಆರಿಸಿದ್ದು. ಮೊದಲ ದಿನ "ಯಾರು ಸತ್ತವ್ರೆ ಅವ್ರ ಮನೇಲಿ?" ಅಂದಿದ್ದರು. ಈಗ ಅಕ್ಕಿ ಆರಿಸಲು ಕೂತರೆ ಸಾಕು, "ಅದ್ನಾಕೇ, ಯಾರೋ ಬಾಗ್ಲತಂಕ ಬಂದು ಬಂದು ವಾಪಸ್ ಹೋಯ್ತಾರಲ್ಲ, ಅದ್ನ" ಅನ್ನುತ್ತಾರೆ. ಕೇಳಿ ನೋಡು, ನಿಜವಾಗಿಯೂ ಹಾಗೇ ಇದೆ.

ಟೀಚರಿಗೆ ಬರೆದುಬಿಟ್ಟೆ ಕಣೇ. ಇಬ್ಬರೂ ಹಾಡುತ್ತೇವೆ ಅಂತ. ಬೈಯಬೇಡ. ಬರೆದಾಗಿದೆ, ಅವರು ಮರುಟಪಾಲಿನಲ್ಲಿ ಹಿಗ್ಗಿ ಉತ್ತರವನ್ನೂ ಬರೆದಾಗಿದೆ. ಇನ್ನು ನೀನು ಬರದಿದ್ದರೆ ನನ್ನ ಮಾನ ಹರಾಜು. ಬೇಗ ಹಾಡಿ ಕಳಿಸು. ದನಿ ಸ್ವಲ್ಪ ಒಡೆದರೂ ಪರವಾಗಿಲ್ಲ, ನಮ್ಮನ್ನೇನು ರೇಡಿಯೋದವರು ಕರೆದಿದ್ದಾರೆಯೆ?

ಜಗದಾ


ಭಿಲಾಯಿ
27 ಅಕ್ಟೋಬರ್ 1996

ಜಗದಾ,

ಸಿಂಫನಿ ಕೇಳಿದೆ. ಸುಮಿತ್ರಮ್ಮನವರಿಗೆ ನನ್ನ ನಮಸ್ಕಾರ. ಕೊನೆಯಲ್ಲಿ ಆ ಬಂದವರು ಒಳಗೆ ಬರುತ್ತಾರೆ ಅಂತ ನನಗನ್ನಿಸಿತು. ನಿಮ್ಮತ್ತೆಯನ್ನು ಒಂದು ಸಲ ಕೇಳು.

ಜನವರಿಗೆ ಬರಲಾಗುವುದಿಲ್ಲ. ರಜೆ ಬೇರೆ ಕಾರಣಕ್ಕೆ ಖರ್ಚಾಗುತ್ತಿದೆ. ಯಾವ ಕಾರಣ ಅಂತ ಕೇಳಬೇಡ, ಸಮಯ ಬಂದಾಗ ಹೇಳುತ್ತೇನೆ. ಟೀಚರಿಗೆ ನಾನೇ ಬರೆಯುತ್ತೇನೆ.

ನಿನ್ನ ಕ್ಯಾಸೆಟ್ಟನ್ನು ವಾಪಸು ಕಳಿಸುತ್ತಿದ್ದೇನೆ. ಎರಡನೆಯ ಬದಿಯನ್ನು ಪೂರ್ತಿ ಕೇಳು. ಸಿಂಫನಿ ಮುಗಿದ ಮೇಲೂ ನಿಲ್ಲಿಸಬೇಡ.

ನಾಳೆ ನಾಗಪುರಕ್ಕೆ ಹೋಗುತ್ತಿದ್ದೇನೆ. ಬಂದ ಮೇಲೆ ಬರೆಯುತ್ತೇನೆ. ಕೋಪ ಮಾಡಿಕೊಳ್ಳಬೇಡ.

ಗಂಗಾ


ಬೆಳಗೋಡು
3 ಡಿಸೆಂಬರ್ 1996

ಗಂಗಾಮಣಿಯವರಿಗೆ,

ಕೋಪ ಮಾಡಿಕೊಳ್ಳಬೇಡ ಅಂದಿರಿ. ಮಾಡಿಕೊಂಡಿದ್ದೇನೆ.

ಬರುವುದಿಲ್ಲ ಅಂತ ಒಂದು ಸಾಲು. ಕಾರಣ ಕೇಳಬೇಡ ಅಂತ ಇನ್ನೊಂದು. ಪ್ರೀತಿಯಿಂದ ಕಳಿಸಿದ ಕ್ಯಾಸೆಟ್ಟು ವಾಪಸು. ನಾಗಪುರಕ್ಕೆ ಪ್ರವಾಸ ಹೋಗಲು ರಜೆ ಇದೆ, ಹಾಸನಕ್ಕೆ ಬರಲು ಇಲ್ಲ! ನಾನೇನು ನಿಮ್ಮ ಆಸ್ಪತ್ರೆಯ ವಾರ್ಡಿನ ಆಯಾನೇ, ಹೇಳಿದ್ದಕ್ಕೆ ಹೂಂ ಅಂದು ಹೋಗಲು?

ಆದರೂ ಮನಸ್ಸು ತಡೆಯದೆ ಮೊನ್ನೆ ಸಕಲೇಶಪುರಕ್ಕೆ ಹೋಗಿ ಎಸ್‌ಟಿಡಿ ಬೂತಿನಿಂದ ನಿಮ್ಮ ಕ್ವಾರ್ಟರ್ಸಿಗೆ ಫೋನು ಮಾಡಿದೆ. ಯಾರೋ ಹಿಂದಿಯವಳು ಎತ್ತಿ "ಗಂಗಾ ದೀದೀ" ಅಂತ ಕೂಗಿ ಕರೆದಳು. ನೀವು ಬಂದಿರಿ. ನಾನು ಹಲೋ ಹಲೋ ಅಂತ ಬಡಕೊಂಡೆ. ನೀವು ರಿಸೀವರು ಹಿಡಿದುಕೊಂಡು ಸುಮ್ಮನೆ ನಿಂತಿರಿ. ಉಸಿರಾಡುವುದು ಕೇಳಿಸುತ್ತಿತ್ತು. ಒಂದೇ ಕೋಣೆಯಲ್ಲಿ ಮೂರು ವರ್ಷ ಪಕ್ಕದಲ್ಲಿ ಮಲಗಿದವಳಿಗೆ ಉಸಿರಿನ ಗುರುತು ಸಿಗುವುದಿಲ್ಲವೇ? ಆಮೇಲೆ ಇಟ್ಟುಬಿಟ್ಟಿರಿ. ಬೂತಿನವನು ನನ್ನ ಮುಖ ನೋಡಿ, "ಲೈನ್ ಸರಿ ಇಲ್ಲ ಕಣಕ್ಕ, ಬುಡಿ" ಅಂದ. ಅವನಿಗೆ ಇದ್ದಷ್ಟು ಕರುಣೆ ನಿಮಗೆ ಇರಲಿಲ್ಲ.

ನೀವು ವಾಪಸು ಕಳಿಸಿದ ಕ್ಯಾಸೆಟ್ಟಿನ ಮೇಲಿನ ಕಾಗದವನ್ನೂ ನಾನು ಬಿಚ್ಚಿಲ್ಲ. ಟೀಚರ ಡಬ್ಬದಲ್ಲಿ ಹಾಕಿ, ಬೂಷ್ಟು ಹಿಡಿಯದಿರಲಿ ಅಂತ ಒಲೆಯ ಮೇಲಿನ ಅಟ್ಟದಲ್ಲಿ ಏಲಕ್ಕಿ, ಹಪ್ಪಳದ ಡಬ್ಬಗಳ ಪಕ್ಕಕ್ಕೆ ಇಟ್ಟಿದ್ದೇನೆ. ಈ ಸೀಮೆಯಲ್ಲಿ ಥಂಡಿಗೆ ಹೆದರುವ ಸಾಮಾನೆಲ್ಲ ಅಲ್ಲೇ ಇರುವುದು. ಕೋಪ ಬಂತು ಅಂತ ವಸ್ತು ಹಾಳು ಮಾಡುವ ಜಾತಿ ನಾನಲ್ಲ.

ಜಗದಾಂಬ ಲಿಂಗಪ್ಪ


ಬೆಳಗೋಡು
20 ಜನವರಿ 1997

ಗಂಗಾಮಣಿಯವರೆ,

ಟೀಚರ್ ಬಂದು ಹೋದರು. ಗಾಲಿಕುರ್ಚಿಯಲ್ಲಿ ಕೂತಿದ್ದರು. ಎತ್ತರದ ಹೆಂಗಸು ಈಗ ಒಂದು ಮುಷ್ಟಿ ಆಗಿದ್ದಾರೆ. ಹಳೆಯ ಹುಡುಗಿಯರು ಎಂಟು ಹತ್ತು ಜನ ಸೇರಿದ್ದೆವು. ಕಾಫಿ, ಉಪ್ಪಿಟ್ಟು ಆದಮೇಲೆ ಹಾಡು ಅಂದರು.

ನಾನು ಒಬ್ಬಳೇ ಎದ್ದು ನಿಂತು ಕೆಳಗಿನ ದನಿಯನ್ನು ಹಾಡಿದೆ. ಕೂತವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ ಅಂದರು. ಟೀಚರ್ ಮಾತ್ರ ಕಣ್ಣು ಮುಚ್ಚಿ, ತಲೆ ಆಡಿಸುತ್ತಾ ಕೇಳಿದರು. ಮುಗಿದ ಮೇಲೆ ನನ್ನ ಕೈ ಹಿಡಿದುಕೊಂಡು ಕೇಳಿದ್ದೇನು ಗೊತ್ತೆ? "ಗಂಗಾಮಣಿ ಹೇಗಿದ್ದಾಳೆ?" ಹಾಡಿದವಳು ನಾನು, ಕೇಳಿದ್ದು ನಿಮ್ಮನ್ನು. ನೀವು ಬರೆದ ಕಾಗದ ಅವರಿಗೆ ಸಿಕ್ಕಿತ್ತಂತೆ. ಅದರಲ್ಲಿ ಏನಿತ್ತು ಅಂತ ಕೇಳಿದರೆ ಸುಮ್ಮನೆ ಅತ್ತರು. ಅವರನ್ನು ಅಷ್ಟು ದೂರದಿಂದ ಅಳಿಸಿದಿರಲ್ಲ, ದೊಡ್ಡ ಸಾಧನೆ.

ನನಗೆ ಇನ್ನು ಬರೆಯುವುದು ಬೇಡ. ಆ ಬಂಗಾರದ ಗಂಟಲಿಗೆ ಊದುಬತ್ತಿ ಹಚ್ಚಿ ನೀವೇ ಪೂಜೆ ಮಾಡಿಕೊಂಡಿರಿ.

ಜಗದಾಂಬ


ಬೆಳಗೋಡು
14 ಜೂನ್ 1998

ಗಂಗಾ,

ಮೊನ್ನೆ ನಿನ್ನ ತಮ್ಮ ಸೋಮಯ್ಯ ಕುಂದೂರಿನಿಂದ ನಮ್ಮ ಅಂಗಡಿಗೆ ಬಂದಿದ್ದ. ನಾನು ಮುಖ ಬಿಗಿದುಕೊಂಡೇ, "ನಿಮ್ಮಕ್ಕ ಹೇಗಿದ್ದಾಳೆ?" ಅಂದೆ. "ಚೆಂದಾಗವ್ಳೆ ಕಣವ್ವ. ದನಿಯೊಂದು ಹೋಗ್ಬುಡ್ತು, ಬ್ಯಾರೆ ಏನಿಲ್ಲ. ನಾಗ್ಪುರದಾಗೆ ಆಪ್ರೇಸನ್ ಆದಾಗಿಂದ ಬರೇ ಪಿಸಪಿಸ ಅಂತಳೆ. ಯಾಕೆ, ನಿಮ್ಗೆ ಬರ್ದಿಲ್ವಾ?" ಅಂದ.

ಏನು ಆಪರೇಷನ್ನು ಅಂತ ಬಿಡಿಸಿ ಬಿಡಿಸಿ ಕೇಳಿದೆ. ಗಂಟಲಲ್ಲಿ ಗಂಟಾಗಿತ್ತಂತೆ, ಜೀವ ಉಳಿಸಲು ದನಿ ತೆಗೆಯಬೇಕಾಯಿತಂತೆ. ಧೂಳು ಅಂದೆಯಲ್ಲೇ, ಪಾಪಿ! ನಾನು ಶುಂಠಿ ಕಷಾಯ ಕುಡಿ ಅಂದೆ. ಫೋನಿನಲ್ಲಿ ಹಲೋ ಅನ್ನು ಅಂತ ಕಿರುಚಿದೆ. ಗಂಟಲಿಗೆ ಪೂಜೆ ಮಾಡು ಅಂತ ಬರೆದೆ. ಬರೆದ ಕೈಗೆ ಬರೆ ಹಾಕಿಕೊಳ್ಳಬೇಕು ಅನ್ನಿಸುತ್ತಿದೆ.

ಸೋಮಯ್ಯ ಹೋದಮೇಲೆ ಏಣಿ ಹಾಕಿ ಅಟ್ಟ ಹತ್ತಿದೆ. ಡಬ್ಬ ಮಸಿ ಹಿಡಿದಿತ್ತು. ಒಂದೂವರೆ ವರ್ಷ ಒಲೆಯ ಕಾವು, ಹೊಗೆ. ಏಲಕ್ಕಿಗೆ ಒಳ್ಳೆಯದು, ಹಪ್ಪಳಕ್ಕೆ ಒಳ್ಳೆಯದು. ಕ್ಯಾಸೆಟ್ಟಿಗೆ ಅಲ್ಲ ಅಂತ ನನಗೆ ಯಾಕೆ ಹೊಳೆಯಲಿಲ್ಲವೋ! ಪ್ಲಾಸ್ಟಿಕ್ಕು ಸೊಟ್ಟಗಾಗಿತ್ತು. ಸಿಂಫನಿಗಳನ್ನು ಒಂದೊಂದೇ ಹಾಕಿ ನೋಡಿದೆ. ಎಲ್ಲವೂ ನೀರಿನಡಿಯಿಂದ ಕೇಳಿದ ಹಾಗೆ ತೇಲಾಡಿದವು. ಅತ್ತೆಯ ಮೂರನೆಯದು ಎರಡು ಸುತ್ತು ತಿರುಗಿ ನಿಂತೇ ಹೋಯಿತು.

ಆಮೇಲೆ ನಿನ್ನ ಕ್ಯಾಸೆಟ್ಟಿನ ಕಾಗದ ಬಿಚ್ಚಿದೆ. ಎರಡನೆಯ ಬದಿ ಹಾಕಿದೆ. ಸಿಂಫನಿ ನರಳಿ ಮುಗಿಯಿತು. ಕೊಂಚ ಹೊತ್ತು ಏನೂ ಇಲ್ಲ. ಆಮೇಲೆ ನೀನು ಕೆಮ್ಮಿದೆ. "ಜಗದಾ, ಸಿದ್ಧ ಆದೆಯಾ?" ಅಂದೆ. ಹಾಡಿನ ಮೊದಲ ಸಾಲು ಬಂತು. ಒಡೆದಿತ್ತು, ಆದರೂ ಅದು ನಿನ್ನದೇ. ನಾನು ನನ್ನ ದನಿ ಸೇರಿಸಲು ಬಾಯಿ ತೆರೆಯುವಷ್ಟರಲ್ಲಿ ಟೇಪು ಜಗ್ಗಿ ನಿನ್ನ ದನಿ ದಪ್ಪಗಾಗುತ್ತಾ, ಗಂಡಸಿನ ದನಿಯಾಗಿ, ಆಮೇಲೆ ಬರೀ ಗುರ್ ಅಂತಾಗಿ ಸಿಕ್ಕಿಕೊಂಡಿತು. ಬಿಡಿಸಲು ಹೋದೆ. ತುಂಡಾಯಿತು. ಸಕಲೇಶಪುರದ ರಿಪೇರಿಯವನಿಗೆ ತೋರಿಸಿದೆ, "ಇನ್ನೇನೂ ಬರಾಕಿಲ್ಲ" ಅಂದ.

ಅದು ಆಪರೇಷನ್ನಿನ ಹಿಂದಿನ ದಿನಗಳಲ್ಲಿ ಹಾಡಿದ್ದು ಅಂತ ಈಗ ಗೊತ್ತಾಗುತ್ತಿದೆ. ನಿನ್ನ ದನಿ ಭೂಮಿಯ ಮೇಲೆ ಉಳಿದಿದ್ದುದು ಅದೊಂದು ಕಡೆ. ಅದನ್ನು ನಾನು ಸುಟ್ಟೆ ಗಂಗಾ. ಕಾಪಾಡುತ್ತಿದ್ದೇನೆ ಅಂದುಕೊಂಡೇ ಸುಟ್ಟೆ.

ಯಾಕೆ ಹೇಳಲಿಲ್ಲವೇ ನೀನು? ಒಂದು ಮಾತು ಬರೆಯಲು ಗಂಟಲು ಬೇಕಾಗಿರಲಿಲ್ಲವಲ್ಲ.

ಜಗದಾ


ಭಿಲಾಯಿ
9 ಜುಲೈ 1998

ಜಗದಾ,

ಉತ್ತರ ಬರೆಯಬೇಕೋ ಬೇಡವೋ ಅಂತ ಬಹಳ ದಿನ ಕೂತಿದ್ದೆ. ನಿನ್ನ ಜನವರಿಯ ಪತ್ರ ಓದಿ ಮೊದಲು ಅತ್ತಿದ್ದೆ. ಆಮೇಲೆ ಕೋಪ ಬಂತು. ಕೋಪ ನಿನ್ನೊಬ್ಬಳ ಮನೆಯ ಆಸ್ತಿಯೇನಲ್ಲ. ಟೇಪು ಕೇಳಿದರೆ ಇವಳಿಗೇ ತಿಳಿಯುತ್ತದೆ, ಕೇಳುವವರೆಗೂ ನಾನು ಬರೆಯುವುದಿಲ್ಲ ಅಂತ ಹಟ ಹಿಡಿದೆ. ಅಟ್ಟದ ಮೇಲಿಟ್ಟಿದ್ದೇನೆ ಅಂತ ನೀನು ಬರೆದಿದ್ದೆ. ನಾನೂ ಅದೇ ಸೀಮೆಯ ಕುಂದೂರಿನ ಮಗಳೇ. ಒಳ್ಳೆಯ ಜಾಗದಲ್ಲಿದೆ ಬಿಡು ಅಂತಲೇ ಅಂದುಕೊಂಡೆ. ಅದರಲ್ಲಿ ನಿನ್ನ ತಪ್ಪೆಷ್ಟೋ ನನ್ನ ತಪ್ಪೂ ಅಷ್ಟೇ.

ಯಾಕೆ ಹೇಳಲಿಲ್ಲ ಅಂತ ಕೇಳಿದ್ದೀಯ. ಇಲ್ಲಿ ಎಲ್ಲರಿಗೂ ನಾನು ಗಂಟಲಿನ ರೋಗಿಯಾಗಿದ್ದೆ. ನಿನಗೊಬ್ಬಳಿಗೆ ಮಾತ್ರ ಇನ್ನೂ ಹಾಡುವವಳಾಗಿದ್ದೆ. ನಿನ್ನ ಪತ್ರ ಬಂದ ದಿನಗಳಲ್ಲಿ ನನಗೂ ಹಾಗೇ ಅನ್ನಿಸುತ್ತಿತ್ತು. ಅದನ್ನು ಬಿಟ್ಟುಕೊಡಲು ಆಗಲಿಲ್ಲ. ಫೋನು ಹಿಡಿದಾಗ ಗಂಟಲಿನ ಕಟ್ಟನ್ನೂ ಬಿಚ್ಚಿರಲಿಲ್ಲ. ನೀನು ಬೈಯುವುದನ್ನಾದರೂ ಇನ್ನೊಂದಿಷ್ಟು ಕೇಳೋಣ ಅಂತ ನಿಂತಿದ್ದೆ. ಅಳು ಬಂತು, ಅದಕ್ಕೇ ಇಟ್ಟೆ.

ಟೀಚರ್ ಈ ಮಾರ್ಚಿನಲ್ಲಿ ತೀರಿಕೊಂಡರು. ಅವರ ತಂಗಿಯ ಮಗಳು ಬರೆದಿದ್ದಾಳೆ. ನಿನಗೂ ಬರೆಯಿರಿ ಅಂತ ನಿನ್ನ ವಿಳಾಸ ಕೊಡಬೇಕಿತ್ತು. ಕೋಪದಲ್ಲಿ ಅದನ್ನೂ ಕೊಡಲಿಲ್ಲ.

ಈಗ ನಾನು ರೋಗಿಗಳ ಹತ್ತಿರ ಕೆಲಸ ಮಾಡುವುದಿಲ್ಲ, ಆಸ್ಪತ್ರೆಯ ಸ್ಟೋರಿಗೆ ಹಾಕಿದ್ದಾರೆ. ಮಾತಾಡುವ ಅಗತ್ಯವಿಲ್ಲ. ಹತ್ತಿ, ಬ್ಯಾಂಡೇಜು ಎಣಿಸುತ್ತಾ ಹಾಡನ್ನು ಮನಸ್ಸಿನಲ್ಲಿ ಹಾಡಿಕೊಳ್ಳುತ್ತೇನೆ. ಹಾಗೆ ಹಾಡಿಕೊಳ್ಳುವಾಗ ಒಂದು ವಿಷಯ ಗೊತ್ತಾಯಿತು. ನನಗೆ ನಿನ್ನ ದನಿ ಗೊತ್ತಿಲ್ಲ. ಮೂರು ವರ್ಷ ನಿನ್ನ ಪಕ್ಕದಲ್ಲೇ ನಿಂತು ಹಾಡಿದೆ, ನಾನು ಕೇಳಿಸಿಕೊಂಡದ್ದೆಲ್ಲ ನನ್ನನ್ನೇ. ನೀನು ಕೆಳಗೆ ಏನು ಹಾಡುತ್ತಿದ್ದೆ ಅಂತ ಎಷ್ಟು ನೆನಪಿಸಿಕೊಂಡರೂ ಒಂದು ಸಾಲೂ ಸಿಗುವುದಿಲ್ಲ.

ನನ್ನ ದನಿ ಸುಟ್ಟಿತು ಅಂತ ಅಳಬೇಡ. ಅದು ನನಗೆ ಬಾಯಿಪಾಠ. ನಿನ್ನದನ್ನು ಹಾಡಿ ಕಳಿಸು. ಟೀಚರ ಮುಂದೆ ಒಬ್ಬಳೇ ನಿಂತು ಹಾಡಿದೆಯಲ್ಲ, ಹಾಗೇ.

ಗಂಗಾ


ಬೆಳಗೋಡು
2 ಆಗಸ್ಟ್ 1998

ಗಂಗಾ,

ಟೀಚರ್ ಹೋದ ಸುದ್ದಿ ಓದಿ ಸ್ನಾನ ಮಾಡಿ ಬಂದು ಕೂತೆ. ಅವರಿಗೆ ಯಾವ ದೇವರ ಮುಂದೆ ದೀಪ ಹಚ್ಚಬೇಕೋ ತಿಳಿಯದೆ ನಮ್ಮ ಶಿವನ ಮುಂದೆಯೇ ಹಚ್ಚಿದೆ. ವಿಳಾಸ ಕೊಡದಿದ್ದುದಕ್ಕೆ ನಿನ್ನ ಮೇಲೆ ಇನ್ನೊಂದು ಸಲ ಕೋಪ ಬಂತು. ಮಧ್ಯಾಹ್ನದ ಹೊತ್ತಿಗೆ ಇಳಿಯಿತು.

ಹೊಸ ಕ್ಯಾಸೆಟ್ಟಿಗೆ ಹಾಡಿದ್ದೇನೆ. ಲಿಂಗಪ್ಪನವರು ಅಂಗಡಿಯ ಬಾಗಿಲು ಅರ್ಧ ಎಳೆದು ಹೊರಗೆ ಸ್ಟೂಲು ಹಾಕಿಕೊಂಡು ಕೂತಿದ್ದರು. ಮೊದಲ ಸಲ ಅಳು ಬಂದು ಹಾಡು ನಿಂತಿತು, ಅಳಿಸಿದೆ. ಎರಡನೆಯ ಸಲ ಶ್ರುತಿ ಇಳಿಯಿತು, ಅದನ್ನೂ ಅಳಿಸಿದೆ. ಮೂರನೆಯದು ಇದು. ಚೆನ್ನಾಗಿಲ್ಲ. ಇದಕ್ಕಿಂತ ಚೆನ್ನಾಗಿ ಹಾಡುವ ವಯಸ್ಸು ಕಳೆದುಹೋಯಿತು. ಆ ವಯಸ್ಸಿನಲ್ಲಿ ನಾವಿಬ್ಬರೂ ಒಂದು ಸಲವಾದರೂ ಒಂದು ಟೇಪಿಗೆ ಹಾಡಿಡಬಾರದಿತ್ತೇ ಅಂತ ಹೊಟ್ಟೆ ಉರಿಯುತ್ತದೆ.

ಕೇಳುವಾಗ ನೀನು ಮನಸ್ಸಿನಲ್ಲಿ ನಿನ್ನದನ್ನು ಹಾಡಿಕೋ. ನಡುವೆ ಎಲ್ಲಿಯೂ ಕಾಯಬೇಡ, ನಾನು ಜೊತೆಯಲ್ಲೇ ಇರುತ್ತೇನೆ. ಒಂದು ಕಡೆ ಮಾತ್ರ ಎಚ್ಚರ. ಹಾಡಿನ ಕೊನೆಯ ಸಾಲಿಗೆ ಕೆಳಗಿನ ದನಿ ಇಲ್ಲ. ನಾನು ಅದಕ್ಕೆ ಮೊದಲೇ ನಿಲ್ಲುತ್ತೇನೆ, ಆ ಸಾಲನ್ನು ನೀನೊಬ್ಬಳೇ ಮೇಲಕ್ಕೆ ಒಯ್ಯಬೇಕು. ಪಕ್ಕದಲ್ಲಿ ನಿಂತು ಬಾಯಿ ಮುಚ್ಚಿಕೊಂಡು ಅದನ್ನು ಕೇಳುವುದು ನನ್ನ ಪಾಲಿಗೆ ಇತ್ತು. ನಿನಗದು ಗೊತ್ತಿರಲಿಕ್ಕಿಲ್ಲ.

ಅಲ್ಲಿಗೆ ನನ್ನದು ಮುಗಿಯಿತು ಅಂತ ಟೇಪು ನಿಲ್ಲಿಸಲು ಹೋದೆ. ಕೈ ಬರಲಿಲ್ಲ. ಓಡಲಿ ಅಂತ ಬಿಟ್ಟೆ. ಅದರಲ್ಲಿ ಏನೂ ಕೇಳಿಸುವುದಿಲ್ಲ, ಮಿಲ್ಲಿನ ಸದ್ದು ಸ್ವಲ್ಪ ಬಿದ್ದಿರಬಹುದು. ನಿನ್ನ ಆ ಸಾಲು ಮುಗಿಯುವವರೆಗೂ ನಾನು ಒಂದು ಮಾತೂ ಆಡದೆ ಕೂತಿದ್ದೆ.

ಜಗದಾ